ಕಾರವಾರದ ರೋಗಿ ಗೋವಾದಲ್ಲಿ ಚಿಕಿತ್ಸೆ ಪಡೆದರೆ ಕ್ಯಾನ್ಸರ್ ಲೆಕ್ಕ ಯಾವ ಊರಿಗೆ?

ಕಾಳಿ_ದಂಡೆ (ಕಾರವಾರ):
ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ನಮ್ಮ ಜಿಲ್ಲೆಯವರು ದಿಕ್ಕಿಗೊಬ್ಬರಂತೆ ಹೊರಡುತ್ತಾರೆ. ಕಾರವಾರದವರು ಬಹಳಷ್ಟು ಮಂದಿ ಗೋವಾದ ಬಾಂಬೋಳಿಗೆ, ಹೊನ್ನಾವರ, ಭಟ್ಕಳದವರು ಮಣಿಪಾಲ ಅಥವಾ ಮಂಗಳೂರಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಇನ್ನು ಕೆಲವರು ನೇರವಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ. ಕೈಗಾ ಅಣು ವಿದ್ಯುತ್ ಸ್ಥಾವರದಿಂದ ಕ್ಯಾನ್ಸರ್ ಹೆಚ್ಚಾಗಿದೆ ಎಂದು ವಾದಿಸುವವರೂ ಹಾಗೇನೂ ಇಲ್ಲ ಎನ್ನುವವರೂ ಇಲ್ಲಿದ್ದಾರೆ. ಇಬ್ಬರ ಕೈಯಲ್ಲೂ ಅಂಕಿಗಳನ್ನು ನಾನು ಕಂಡಿಲ್ಲ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಎಂಬುದೊಂದು ಇರುವಾಗ, ಹೀಗೆ ಚದುರಿಹೋದ ರೋಗಿಗಳನ್ನು ಅದು ಹೇಗೆ ಎಣಿಸುತ್ತದೆ? ಈ ಎಲ್ಲ ಆಸ್ಪತ್ರೆಗಳಿಂದ ಅಂಕಿ ತರಿಸಿ ಕೂಡಿಸಿದರೆ ಸಾಲದೇ?

ಕಡತ_ಕೋಣೆ:
ಕೂಡಿಸಿದರೆ ಸಾಲದು. ನೋಂದಣಿಯಲ್ಲಿ ಎರಡು ಬಗೆ ಇದೆ ಎಂಬುದನ್ನು ಮೊದಲು ಗಮನಿಸಬೇಕು. ಆಸ್ಪತ್ರೆ ಆಧಾರಿತ ನೋಂದಣಿಯು ತನ್ನಲ್ಲಿಗೆ ಬಂದವರೆಲ್ಲರನ್ನೂ, ಅವರು ಎಲ್ಲಿಯವರೇ ಆಗಿರಲಿ, ದಾಖಲಿಸುತ್ತದೆ. ಯಾವ ಹಂತದಲ್ಲಿ ಬಂದರು, ಏನು ಚಿಕಿತ್ಸೆ ಪಡೆದರು ಎಂಬುದನ್ನು ತಿಳಿಯಲು ಅದು ಉಪಯುಕ್ತ. ಜನಸಂಖ್ಯೆ ಆಧಾರಿತ ನೋಂದಣಿಯು ನಿಗದಿತ ಪ್ರದೇಶದ ನಿವಾಸಿಗಳಲ್ಲಿ ಒಂದು ವರ್ಷದಲ್ಲಿ ಹೊಸದಾಗಿ ಎಷ್ಟು ಮಂದಿಗೆ ಕ್ಯಾನ್ಸರ್ ಪತ್ತೆಯಾಯಿತು ಎಂದು ಎಣಿಸುತ್ತದೆ. ಚಿಕಿತ್ಸೆ ಎಲ್ಲಿ ನಡೆದರೂ ಲೆಕ್ಕ ವಾಸದ ಊರಿಗೇ ಸೇರುತ್ತದೆ. ‘ಇಲ್ಲಿ ಕ್ಯಾನ್ಸರ್ ಹೆಚ್ಚೋ ಕಡಿಮೆಯೋ’ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ಎರಡನೆಯದರಿಂದ ಮಾತ್ರ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ್ದು 1981ರ ಕೊನೆಯಲ್ಲಿ. ಮರುವರ್ಷದಿಂದ ಬೆಂಗಳೂರು, ಮುಂಬಯಿ, ಮದ್ರಾಸುಗಳಲ್ಲಿ ಜನಸಂಖ್ಯೆ ಆಧಾರಿತ ನೋಂದಣಿ ನಡೆಯಿತು. ಇವುಗಳಲ್ಲಿ ಮುಂಬಯಿಯ ನೋಂದಣಿ ಮಾತ್ರ ಈ ಕಾರ್ಯಕ್ರಮಕ್ಕೂ ಮೊದಲೇ, 1963ರಿಂದಲೇ ಇತ್ತು. 2012ರಿಂದ 2016ರವರೆಗಿನ ಮಾಹಿತಿಯನ್ನಿಟ್ಟು 2020ರಲ್ಲಿ ಹೊರಬಂದ ವರದಿಯಲ್ಲಿ ದೇಶದ 28 ಜನಸಂಖ್ಯೆ ಆಧಾರಿತ ನೋಂದಣಿಗಳಿದ್ದವು, ಕರ್ನಾಟಕದಿಂದ ಬೆಂಗಳೂರಿನದೊಂದೇ. ಎಂದರೆ ಉತ್ತರ ಕನ್ನಡದ ದರ ಆ ವರದಿಯಲ್ಲಿ ಇಲ್ಲ.

ಮಾಹಿತಿ ತಾನಾಗಿ ಹರಿದು ಬರುತ್ತದೆ ಎಂದುಕೊಳ್ಳಬೇಡಿ. ಕರ್ನಾಟಕ ಸೇರಿದಂತೆ ಕೆಲವು ರಾಜ್ಯಗಳು ಕ್ಯಾನ್ಸರನ್ನು ಅಧಿಸೂಚಿತ ರೋಗವೆಂದು, ಎಂದರೆ ಪತ್ತೆಯಾದ ಪ್ರಕರಣವನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವೆಂದು, ಘೋಷಿಸಿದ್ದರೂ, ನೋಂದಣಿಯ ಸಿಬ್ಬಂದಿಯೇ ಆಸ್ಪತ್ರೆ, ನರ್ಸಿಂಗ್ ಹೋಮ್, ಪೆಥಾಲಜಿ ಲ್ಯಾಬ್‌ಗಳಿಗೆ ಹೋಗಿ ಕಡತ ತೆಗೆದು ನಮೂನೆ ತುಂಬುವುದು ನಮ್ಮ ದೇಶದ ಮುಖ್ಯ ಪದ್ಧತಿ. ಆಮೇಲೆ ಪ್ರತಿ ಪ್ರಕರಣಕ್ಕೂ ಅಂತಾರಾಷ್ಟ್ರೀಯ ವರ್ಗೀಕರಣದ ಸಂಕೇತ ಕೊಡುತ್ತಾರೆ: ಗಡ್ಡೆ ಮೊದಲು ಹುಟ್ಟಿದ ಅಂಗಕ್ಕೆ ಒಂದು, ಜೀವಕೋಶದ ಬಗೆಗೆ ಇನ್ನೊಂದು. ಸ್ತನದ ಕ್ಯಾನ್ಸರ್ ಯಕೃತ್ತಿಗೆ ಹರಡಿದ್ದರೆ ಅದು ಸ್ತನದ ಲೆಕ್ಕಕ್ಕೇ ಸೇರುತ್ತದೆಯೇ ಹೊರತು ಯಕೃತ್ತಿನದಕ್ಕಲ್ಲ.

ನೀವು ಹೇಳಿದ ಕೂಡಿಕೆಗೆ ದೊಡ್ಡ ತೊಡಕು ಪುನರಾವರ್ತನೆ. ಒಬ್ಬರೇ ರೋಗಿ ಅಂಕೋಲೆಯಲ್ಲಿ ಬಯಾಪ್ಸಿ, ಮಣಿಪಾಲದಲ್ಲಿ ಶಸ್ತ್ರಚಿಕಿತ್ಸೆ, ಹುಬ್ಬಳ್ಳಿಯಲ್ಲಿ ವಿಕಿರಣ ಚಿಕಿತ್ಸೆ ಪಡೆದಿದ್ದರೆ ಕೂಡಿಸಿದಾಗ ಮೂವರಾಗುತ್ತಾರೆ. ಹೆಸರು, ವಯಸ್ಸು, ಲಿಂಗ, ವಿಳಾಸ, ಅಂಗ ಇವನ್ನೆಲ್ಲ ಹೋಲಿಸಿ ಒಂದು ದಾಖಲೆಯಾಗಿಸಬೇಕು. ನಮ್ಮಲ್ಲಿ ಹೆಗಡೆ, ಭಟ್ಟ, ಗೌಡರು ಎಷ್ಟು ಮಂದಿ ಎಂದು ನಿಮಗೇ ಗೊತ್ತು. ನಾಯ್ಕ, ನಾಯಕ, ನಾಯಕ್ ಎಂದು ಒಬ್ಬರದೇ ಹೆಸರು ಮೂರು ಕಡೆ ಮೂರು ಬಗೆಯಾಗಿರುತ್ತದೆ. ಗಣಕಯಂತ್ರ ಹೋಲಿಕೆಯನ್ನು ತೋರಿಸೀತು, ತೀರ್ಮಾನ ಮಾತ್ರ ಕಡತ ನೋಡಿದವರದೇ.

ಸೋಂದಾ_ಸೀಮೆ (ಶಿರಸಿ):
ಆಸ್ಪತ್ರೆಗೇ ಹೋಗದವರ ಗತಿ ಏನು? ನಮ್ಮ ಹಳ್ಳಿಗಳಲ್ಲಿ ವಯಸ್ಸಾದವರು ಮನೆಯಲ್ಲೇ ತೀರಿಕೊಂಡರೆ ಮರಣದ ಕಾರಣ ‘ವೃದ್ಧಾಪ್ಯ’ ಎಂದೇ ದಾಖಲಾಗುವುದುಂಟು. ಇನ್ನೊಂದು ಸಂಗತಿಯನ್ನೂ ಸೇರಿಸುತ್ತೇನೆ: ಯುವಕರು ಬೆಂಗಳೂರು ಸೇರಿ ಊರಲ್ಲಿ ಹಿರಿಯರೇ ಉಳಿದಿರುವಾಗ ತಲೆ ಎಣಿಸಿದರೆ ಕ್ಯಾನ್ಸರ್ ಹೆಚ್ಚೆಂದೇ ಕಾಣುತ್ತದೆ.

ಕಡತ_ಕೋಣೆ:
ಎರಡೂ ಸರಿ. ಜನನ ಮರಣ ನೋಂದಣಿ ಕಚೇರಿಗಳ ದಾಖಲೆಯನ್ನೂ ಸಿಬ್ಬಂದಿ ನೋಡುತ್ತಾರೆ. ಕಾರಣ ಕ್ಯಾನ್ಸರ್ ಎಂದಿದ್ದು, ವ್ಯಕ್ತಿಯ ಹೆಸರು ನೋಂದಣಿಯಲ್ಲಿ ಮೊದಲೇ ಇಲ್ಲದಿದ್ದರೆ ಹಿಂದಕ್ಕೆ ಹುಡುಕುತ್ತಾರೆ. ಬೇರೆ ಯಾವ ಕಡತವೂ ಸಿಗದಿದ್ದರೆ ‘ಮರಣಪತ್ರ ಮಾತ್ರ’ ಎಂಬ ಗುಂಪಿಗೆ ಸೇರಿಸುತ್ತಾರೆ. ಆ ಗುಂಪು ದೊಡ್ಡದಾದಷ್ಟೂ ನೋಂದಣಿ ರೋಗಿಗಳನ್ನು ಬದುಕಿದ್ದಾಗ ಹಿಡಿಯಲಿಲ್ಲ ಎಂದರ್ಥ. ಹಾಗೆಂದು ಅದು ತೀರ ಚಿಕ್ಕದಿದ್ದರೂ ನಾನು ಸಂತೋಷಪಡುವುದಿಲ್ಲ. ನೀವು ಹೇಳಿದ ‘ವೃದ್ಧಾಪ್ಯ’ವೇ ಅದಕ್ಕೆ ಕಾರಣವಾಗಿರಬಹುದು. ಸೂಕ್ಷ್ಮದರ್ಶಕದ ಪರೀಕ್ಷೆಯಿಂದ ಖಚಿತವಾದ ಪ್ರಕರಣಗಳು ಶೇಕಡಾ ಎಷ್ಟು ಎಂಬುದು ಗುಣಮಟ್ಟದ ಮತ್ತೊಂದು ಅಳತೆ.

ವಯಸ್ಸಿನ ವ್ಯತ್ಯಾಸಕ್ಕೆ ‘ವಯೋ ಹೊಂದಾಣಿಕೆಯ ದರ’ವಿದೆ. ಪ್ರತಿ ವಯೋಗುಂಪಿನ ದರವನ್ನೂ ಒಂದೇ ಮಾದರಿ ಜನಸಂಖ್ಯೆಗೆ ಅನ್ವಯಿಸಿ, ಒಂದು ಲಕ್ಷಕ್ಕೆ ಇಷ್ಟು ಎಂದು ಹೇಳುತ್ತಾರೆ. 2020ರ ವರದಿಯಲ್ಲಿ ಗಂಡಸರ ಅತಿ ಹೆಚ್ಚಿನ ದರ ಮಿಜೋರಾಮಿನ ಐಜಾಲ್ ಜಿಲ್ಲೆಯದು, ಲಕ್ಷಕ್ಕೆ 269.4. ಐಜಾಲನ್ನೂ ಬೆಂಗಳೂರನ್ನೂ ಪಕ್ಕಪಕ್ಕ ಇಡಲು ಸಾಧ್ಯವಾಗುವುದು ಈ ಹೊಂದಾಣಿಕೆಯಿಂದಲೇ. ಛೇದವೂ, ಎಂದರೆ ಪ್ರಕರಣಗಳನ್ನು ಯಾವ ಜನಸಂಖ್ಯೆಯಿಂದ ಭಾಗಿಸುತ್ತೇವೆ ಎಂಬುದೂ, ಮುಖ್ಯ: 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 14.37 ಲಕ್ಷ, 2021ರ ಗಣತಿ ಮುಂದಕ್ಕೆ ಹೋದದ್ದರಿಂದ ಆಮೇಲಿನ ವರ್ಷಗಳಿಗೆಲ್ಲ ಅಂದಾಜೇ ಗತಿ.

ಕೈಗಾದ ಬಗ್ಗೆ ಒಂದು ಮಾತು. ಸ್ಥಾವರದ ಮೊದಲ ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ರಲ್ಲಿ. ಅದಕ್ಕೂ ಹಿಂದಿನ ಮತ್ತು ಅನಂತರದ ದರಗಳು, ಒಂದೇ ವಿಧಾನದಲ್ಲಿ ಸಂಗ್ರಹಿಸಿದವು, ಎದುರುಬದುರು ಇರಬೇಕು. ಕೆಲವೇ ಸಾವಿರ ಜನರಿರುವ ಹಳ್ಳಿಗಳಲ್ಲಿ ಒಂದೆರಡು ಪ್ರಕರಣ ಹೆಚ್ಚಿದರೂ ದರ ಜಿಗಿಯುತ್ತದೆಯಾದ್ದರಿಂದ ಒಂದು ವರ್ಷದ ಅಂಕಿಯಿಂದ ಯಾವ ಕಡೆಗೂ ವಾದ ನಿಲ್ಲದು. ನೋಂದಣಿ ಪ್ರಕರಣಗಳನ್ನು ಎಣಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಕವಳ (ಎಲೆ ಅಡಿಕೆ), ತಂಬಾಕು, ವಿಕಿರಣ ಯಾವುದೇ ಇರಲಿ, ಅದಕ್ಕೆ ಬೇರೆ ಅಧ್ಯಯನ ಬೇಕು.

ಸೋಂದಾ_ಸೀಮೆ (ಶಿರಸಿ):
ಕವಳದ ಸುದ್ದಿ ಎತ್ತಿದಿರಿ, ಇನ್ನು ಅಡಿಕೆ ಬೆಳೆಗಾರರು ಬಂದಾರು! ಅದಿರಲಿ. ಶಿರಸಿಯ ತಾಯಿಯೊಬ್ಬರು ರೋಗ ಪತ್ತೆಯಾದ ಮೇಲೆ ಮಗನ ಮನೆಯಲ್ಲಿದ್ದುಕೊಂಡು ಕಿದ್ವಾಯಿಯಲ್ಲಿ ಚಿಕಿತ್ಸೆ ಪಡೆಯುತ್ತಾರೆ, ಕಡತದಲ್ಲಿ ಮಗನ ವಿಳಾಸವಿದೆ ಎಂದಿಟ್ಟುಕೊಳ್ಳಿ. ಅವರು ಬೆಂಗಳೂರಿನವರಾಗುತ್ತಾರೆಯೇ?

ಕಡತ_ಕೋಣೆ:
ಆಗಬಾರದು. ರೋಗ ಪತ್ತೆಯಾಗುವ ಮುಂಚೆ ಕನಿಷ್ಠ ಒಂದು ವರ್ಷ ಆ ಪ್ರದೇಶದಲ್ಲಿ ವಾಸವಿದ್ದವರನ್ನೇ ನಿವಾಸಿ ಎಂದು ಪರಿಗಣಿಸುತ್ತಾರೆ. ಆದ್ದರಿಂದಲೇ ‘ಇಲ್ಲಿ ಎಷ್ಟು ಕಾಲದಿಂದ ಇದ್ದೀರಿ’ ಎಂದು ರೋಗಿಯನ್ನೋ ಜೊತೆಗಿದ್ದವರನ್ನೋ ಕೇಳುತ್ತಾರೆ; ಮಗನ ವಿಳಾಸವನ್ನಷ್ಟೇ ಹೇಳಿ ಸುಮ್ಮನಾದರೆ ಬೆಂಗಳೂರಿನ ದರ ಅಷ್ಟರಮಟ್ಟಿಗೆ ಕೆಡುತ್ತದೆ. ಸರಿಯಾಗಿ ಹೇಳಿದರೆ ಅವರ ಹೆಸರು ಕಿದ್ವಾಯಿಯ ಆಸ್ಪತ್ರೆ ನೋಂದಣಿಯಲ್ಲಿ ಶಿರಸಿಯ ವಿಳಾಸದೊಂದಿಗೆ ಉಳಿಯುತ್ತದೆ, ಮುಂದೆ ಯಾರಾದರೂ ಈ ಜಿಲ್ಲೆಯ ಲೆಕ್ಕ ತೆಗೆಯಲು ಹೊರಟರೆ ಅವರಿಗೆ ಸಿಗುತ್ತದೆ.