ಚಳವಳಿಯ ಪುಸ್ತಕ ಕಿವಿಗೋ, ಕಣ್ಣಿಗೋ?

ಬಸ್‌ಪಾಸ್: ಈಗಿನ ಕಾಲದ ಚಳವಳಿಗಳ ಬಗ್ಗೆ ಒಂದು ಇಂಗ್ಲಿಷ್ ಆಡಿಯೊ ಪುಸ್ತಕ ಕೇಳುತ್ತಿದ್ದೇನೆ. ದಿನಾ ಆಫೀಸಿಗೆ ಹೋಗುವಾಗ ಮುಕ್ಕಾಲು ಗಂಟೆ. ನಿನ್ನೆ 2011ರ ನ್ಯೂಯಾರ್ಕಿನ ‘ಆಕ್ಯುಪೈ ವಾಲ್ ಸ್ಟ್ರೀಟ್’ ಚಳವಳಿಯ ಭಾಗ ಬಂತು. ಜುಕೊಟಿ ಪಾರ್ಕಿನಲ್ಲಿ ಅನುಮತಿಯಿಲ್ಲದೆ ಮೈಕ್ ಹಾಕುವಂತಿರಲಿಲ್ಲ. ಅದಕ್ಕೆ ಒಬ್ಬರು ಒಂದೊಂದೇ ತುಣುಕು ಹೇಳುವುದು, ಹತ್ತಿರ ಇದ್ದವರೆಲ್ಲ ಅದನ್ನೇ ಕೂಗಿ ಹಿಂದಿನವರಿಗೆ ದಾಟಿಸುವುದು. ಇಂಥದ್ದನ್ನು ಕಿವಿಯಲ್ಲೇ ಕೇಳಬೇಕು ಮಾರಾಯ್ರೆ.

ಕೆಂಪುಪೆನ್ನು: ಸ್ಟುಡಿಯೋದಲ್ಲಿ ಒಬ್ಬರೇ ಕೂತು ಓದಿದ್ದು ತಾನೇ? ಆ ಕೂಗು ಎಲ್ಲಿಂದ ಬಂತು! ನನಗೆ ಆಡಿಯೊ ಆಗಿಬರಲ್ಲ. ಇಸವಿಗಳೆಲ್ಲ ಕಲಸಿಹೋಗುತ್ತವೆ.

ಅಡುಗೆಮನೆ ರೇಡಿಯೊ: ನಾನು ಚಪಾತಿ ಲಟ್ಟಿಸುತ್ತಾ ಕೇಳುವವಳು. ಅಮೆರಿಕದ ಮಾಂಟ್ಗೊಮರಿಯಲ್ಲಿ ಕರಿಯರು ನಡೆಸಿದ ಬಸ್ ಬಹಿಷ್ಕಾರ ಶುರುವಾಗಿದ್ದು 1955ರ ಡಿಸೆಂಬರ್‌ನಲ್ಲಿ, ನಡೆದದ್ದು 381 ದಿನ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದ ರೋಸಾ ಪಾರ್ಕ್ಸ್ ಬಂಧನವಾದ ರಾತ್ರಿ ಜೋ ಆನ್ ರಾಬಿನ್ಸನ್ ತಾವು ಪಾಠ ಮಾಡುತ್ತಿದ್ದ ಕಾಲೇಜಿಗೆ ಹೋಗಿ, ಬೆಳಗಾಗುವವರೆಗೆ ಸಾವಿರಾರು ಕರಪತ್ರ ಸೈಕ್ಲೋಸ್ಟೈಲ್ ಮಾಡಿಸಿದರು. ನೋಡಿ, ಕಿವಿಯಿಂದಲೇ ನೆನಪಿದೆ. ಒಂದು ಚಪಾತಿ ಸೀದಿತ್ತು, ಅಷ್ಟೇ.

ಕೆಂಪುಪೆನ್ನು: ಅದು ಕಥೆ ಅಕ್ಕ, ನಿಲ್ಲುತ್ತೆ. ವಾದ ನಿಲ್ಲುತ್ತಾ? ಕೈರೋದಲ್ಲಿ 2011ರ ಜನವರಿ 25ಕ್ಕೆ ಜನ ಬೀದಿಗಿಳಿದರು, ಫೆಬ್ರವರಿ 11ಕ್ಕೆ ಈಜಿಪ್ಟ್ ಅಧ್ಯಕ್ಷ ಮುಬಾರಕ್ ಕುರ್ಚಿ ಬಿಟ್ಟರು. 2013ರ ಜುಲೈಗೆ ಸೇನೆ ಮತ್ತೆ ಅಧಿಕಾರಕ್ಕೆ ಬಂತು. ಫೋನಿನಿಂದ ದಿಢೀರನೆ ಸೇರಿದ ಗುಂಪಿಗೆ ಒಟ್ಟಿಗೆ ಕೂತು ತೀರ್ಮಾನ ಮಾಡುವ ರೂಢಿ ಇರಲ್ಲ ಅಂತ ಕೆಲವರ ವಾದ. ಅದು ಸರಿಯೋ ತಪ್ಪೋ ಅಂತ ತೂಗಬೇಕಾದರೆ ನಾಲ್ಕು ಪುಟ ಹಿಂದೆ ತಿರುಗಿಸಿ ನೋಡಬೇಕು.

ಹೊಲದ ಬದು: ಆ ವಾದ ನನಗಂತೂ ಅರೆಬರೆ ಅನಿಸುತ್ತೆ. ದೆಹಲಿ ಗಡಿಯ ಸಿಂಘು, ಟಿಕ್ರಿಯಲ್ಲಿ ರೈತರು 2020ರ ನವೆಂಬರ್‌ನಿಂದ ಒಂದು ವರ್ಷದ ಮೇಲೆ ಕೂತರು. ಅವರ ಕೈಯಲ್ಲೂ ಫೋನ್ ಇತ್ತು. ಜೊತೆಗೆ ಊರೂರಿನ ಸಂಘಗಳು, ಎಲ್ಲರಿಗೂ ಊಟ ಹಾಕುವ ಲಂಗರ್, ಟ್ರಾಲಿ ಟೈಮ್ಸ್ ಅನ್ನೋ ಪತ್ರಿಕೆ. ಮೂರು ಕೃಷಿ ಕಾಯ್ದೆ ವಾಪಸಾದ ಮೇಲೇ ಎದ್ದದ್ದು. ಫೋನ್ ಇದ್ದ ಮಾತ್ರಕ್ಕೆ ಚಳವಳಿ ತೆಳ್ಳಗಾಗಲ್ಲ, ಅಲ್ವಾ?

ಕೆಂಪುಪೆನ್ನು: ಇದು ಒಪ್ಪುವ ಮಾತು. ಅಂದ ಹಾಗೆ ಬಸ್‌ಪಾಸ್ ಅವರೇ, ಎಷ್ಟು ಸ್ಪೀಡಲ್ಲಿ ಕೇಳ್ತೀರಿ?

ಬಸ್‌ಪಾಸ್: 1.5.

ಕೆಂಪುಪೆನ್ನು: ಅಲ್ಲಿಗೆ ಮುಬಾರಕ್ 18 ದಿನಕ್ಕಲ್ಲ, 12 ದಿನಕ್ಕೇ ಇಳಿದರು ಅನ್ನಿ.

ಬಸ್‌ಪಾಸ್: 😄 ಸರಿ, 1ಕ್ಕೆ ಇಳಿಸಿದೆ. ನಾಳೆ ಕೈರೋ ಮೊದಲಿಂದ.