ಕಳೆದ ಸಲ ಕಣ್ಣು ಮುಚ್ಚಿಕೊಂಡೇ ಕೂತಿದ್ದೆ, ಈ ಸಲ ಏನು ಮಾಡಲಿ?

ಅರ್ಧಧೈರ್ಯ:

ಬರುವ ಶನಿವಾರ ನಾವು ಆರು ಜನ ಗೆಳೆಯರು ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗುತ್ತಿದ್ದೇವೆ. ಐದು ಜನಕ್ಕೆ ರೋಲರ್ ಕೋಸ್ಟರ್ ಹುಚ್ಚು. ಆರನೆಯವನು ನಾನು.

ಕಳೆದ ವರ್ಷವೂ ಹೋಗಿದ್ದೆ. ಹೆದರಿಕೆ ಅಂತ ಹೇಳಲು ನಾಚಿಕೆಯಾಗಿ ಸುಮ್ನೆ ಹೋಗಿ ಕೂತುಬಿಟ್ಟೆ. ರೈಲು ಕಟಕಟ ಅಂತ ಮೇಲೆ ಹತ್ತುವಾಗಲೇ ಕೈಕಾಲು ತಣ್ಣಗಾಯಿತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ, ಹಲ್ಲು ಕಚ್ಚಿ ಹಿಡಿದೆ, ಆಮೇಲೆ ಏನೇನಾಯಿತೋ ನನಗೆ ಗೊತ್ತಿಲ್ಲ, ತಲೆ ಮಾತ್ರ ಭುಜದ ಪ್ಯಾಡಿಗೆ ಒಂದು ಸಲ ಈ ಕಡೆ ಒಂದು ಸಲ ಆ ಕಡೆ ಬಡಿಯುತ್ತಲೇ ಇತ್ತು. ಇಳಿದಾಗ ಕಿವಿ ಕೆಂಪಗಾಗಿತ್ತು, ಕತ್ತು ಹಿಡಿದುಕೊಂಡಿತ್ತು. ಅಷ್ಟಕ್ಕೇ ಬಿಡಲಿಲ್ಲ, ನೇರ ಇನ್ನೊಂದು ಗಿರಗಿರ ತಿರುಗುವ ರೈಡಿಗೆ ಎಳೆದುಕೊಂಡು ಹೋದರು. ಅಲ್ಲಿಂದ ಇಳಿದವನು ಕಸದ ಡಬ್ಬಿ ಹುಡುಕಿಕೊಂಡು ಓಡಿದೆ. ಉಳಿದ ದಿನವೆಲ್ಲ ಬೆಂಚಿನ ಮೇಲೆ.

ಹೊರಗೆ ಬರುವ ದಾರಿಯಲ್ಲಿ ರೈಡಿನ ಫೋಟೋ ತೋರಿಸುತ್ತಾರಲ್ಲ, ಅದರಲ್ಲಿ ಐದು ಜನ ಕೈ ಮೇಲೆತ್ತಿ ಕಿರುಚುತ್ತಿದ್ದಾರೆ, ನಾನೊಬ್ಬ ಹಲ್ಲು ಕೀಳಿಸಿಕೊಳ್ಳುತ್ತಿರುವವನ ಹಾಗೆ ಕಾಣುತ್ತೇನೆ. ಒಂದು ವರ್ಷದಿಂದ ನಮ್ಮ ಗುಂಪಿನ ಡಿಪಿ ಅದೇ.

ಆದರೆ ಈ ಸಲ ನನಗೂ ಖುಷಿಪಡುವ ಆಸೆ ಇದೆ. ಅವರು ಅಷ್ಟು ನಗುತ್ತಾರೆ ಅಂದರೆ ಏನೋ ಇರಲೇಬೇಕು ಅಲ್ವಾ? ಎಲ್ಲಿ ಕೂರಬೇಕು, ಮುಂದೆಯೋ ಹಿಂದೆಯೋ? ಯಾವುದನ್ನು ಮೊದಲು ಹತ್ತಬೇಕು? ತಲೆಕೆಳಗಾದಾಗ ಬಿದ್ದುಬಿಡುವ ಹಾಗೆ ಅನಿಸುತ್ತದಾ? ಮಧ್ಯದಲ್ಲಿ ನಿಂತುಹೋದರೆ ಏನು ಗತಿ? ನಗಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ಕಟಕಟ:

ಗುರೂ, ನಿಮ್ಮ ತೊಂದರೆಯ ಅರ್ಧ ಭಾಗ ಆ ಕಣ್ಣು ಮುಚ್ಚಿಕೊಂಡದ್ದೇ. ಕಿವಿಯ ಒಳಗಿನ ಸಮತೋಲನದ ಭಾಗ 'ತಿರುಗುತ್ತಿದ್ದೇವೆ, ಬೀಳುತ್ತಿದ್ದೇವೆ' ಅಂತ ಹೇಳುತ್ತಿರುತ್ತದೆ, ಮುಂದೆ ಏನು ಬರುತ್ತದೆ ಅಂತ ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಎರಡೂ ಹೊಂದದಿದ್ದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಬಸ್ಸಿನಲ್ಲಿ ಪುಸ್ತಕ ಓದಿದರೆ ತಲೆ ತಿರುಗುವುದೂ ಹೀಗೇ. ಇನ್ನೊಂದು, ಮುಂದಿನ ತಿರುವು ಕಂಡರೆ ಕತ್ತು ತಾನಾಗಿಯೇ ಬಿಗಿಯಾಗಿ ತಯಾರಾಗುತ್ತದೆ. ಕಾಣದಿದ್ದರೆ ಪ್ರತಿ ತಿರುವೂ ಹಿಂದಿನಿಂದ ಯಾರೋ ತಳ್ಳಿದ ಹಾಗೆ. ಅದಕ್ಕೇ ಪ್ಯಾಡಿಗೆ ತಲೆ ಬಡಿದದ್ದು.

ಆದ್ದರಿಂದ ಕಣ್ಣು ತೆರೆದಿರಿ, ಮುಂದಿನ ಹಳಿಯನ್ನೇ ನೋಡಿ, ತಲೆಯನ್ನು ಹಿಂದಿನ ದಿಂಬಿಗೆ ಒತ್ತಿ ಇಡಿ. ಇಳಿಯುವಾಗ ಕಿರುಚಿ. ಇದು ತಮಾಷೆಗೆ ಹೇಳಿದ್ದಲ್ಲ, ಕಿರುಚಿದರೆ ಉಸಿರು ಹೊರಗೆ ಹೋಗುತ್ತದೆ, ಉಸಿರು ಬಿಗಿಹಿಡಿದು ಕೂತರೆ ಮೈಯೆಲ್ಲ ಕಲ್ಲಾಗುತ್ತದೆ.

ಮೊದಲು ಮಕ್ಕಳೂ ಕೂರುವ ಚಿಕ್ಕ ಕೋಸ್ಟರ್. ಮಾನ ಹೋಗುತ್ತದೆ ಅಂದುಕೊಳ್ಳಬೇಡಿ, ಎರಡು ನಿಮಿಷದ ಕೆಲಸ. ಆಮೇಲೆ ಮಧ್ಯಮದ್ದು. ಅದಾದ ಮೇಲೆ ದೊಡ್ಡದು. ಒಂದೇ ಜಾಗದಲ್ಲಿ ಗಿರಗಿರ ತಿರುಗುವ ರೈಡುಗಳನ್ನು ದಿನದ ಕೊನೆಗೆ ಇಡಿ, ಅಥವಾ ಹತ್ತಲೇಬೇಡಿ. ಕೋಸ್ಟರ್ ತಡೆದುಕೊಳ್ಳುವ ಎಷ್ಟೋ ಜನಕ್ಕೆ ಅದು ಆಗುವುದಿಲ್ಲ, ನನಗೂ ಆಗುವುದಿಲ್ಲ. ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯುವಷ್ಟೂ ಬೇಡ.

ತಲೆಕೆಳಗಿನ ಬಗ್ಗೆ: ಅದು ನೋಡಲು ಭಯಂಕರ, ಕೂತರೆ ಏನೂ ಅಲ್ಲ. ಹಳಿ ಮೇಲಕ್ಕೆದ್ದು ಪೂರ್ತಿ ಒಂದು ಸುತ್ತು ಹಾಕುವ ಲೂಪಿನಲ್ಲಿ ವೇಗವೇ ನಿಮ್ಮನ್ನು ಸೀಟಿಗೆ ಒತ್ತಿ ಹಿಡಿದಿರುತ್ತದೆ. ಬಕೆಟ್ಟಿನಲ್ಲಿ ನೀರು ತುಂಬಿ ಜೋರಾಗಿ ಸುತ್ತಿಸಿದರೆ ಚೆಲ್ಲುತ್ತದಾ? ಇಲ್ಲ ಅಲ್ವಾ. ಲೂಪ್ ಪೂರ್ತಿ ಗುಂಡಗಿರುವುದಿಲ್ಲ, ಗಮನಿಸಿ ನೋಡಿ, ನೀರಿನ ಹನಿಯ ಹಾಗೆ, ಮೇಲೆ ಕಿರಿದು ಕೆಳಗೆ ಅಗಲ. 1895ರಲ್ಲಿ ಅಮೆರಿಕದ ಕೋನಿ ಐಲೆಂಡಿನಲ್ಲಿ ಪೂರ್ತಿ ಗುಂಡಗಿನ ಲೂಪ್ ಮಾಡಿದ್ದರು, ಒಳಗೆ ಹೋಗುವಾಗ ಬೀಳುವ ಹೊಡೆತಕ್ಕೆ ಜನರ ಕತ್ತು ನೋಯುತ್ತಿತ್ತು. 1976ರಲ್ಲಿ ವೆರ್ನರ್ ಸ್ಟೆಂಗೆಲ್ ಅನ್ನುವ ಜರ್ಮನ್ ಎಂಜಿನಿಯರ್ ಈ ಹನಿ ಆಕಾರದ ಲೂಪನ್ನು ರೆವಲ್ಯೂಷನ್ ಅನ್ನುವ ಕೋಸ್ಟರಿಗೆ ತಂದರು. ಅಲ್ಲಿಂದ ಎಲ್ಲರೂ ಅದೇ ದಾರಿ ಹಿಡಿದರು.

ಸೀಟಿನ ವಿಷಯ: ಎರಡನೇ ಸಾಲು. ಮುಂದಿನದು ಕಾಣುತ್ತದೆ, ಎದುರಿಗೆ ಒಂದು ಬೆನ್ನೂ ಇರುತ್ತದೆ.

ಕೊನೇಸೀಟು:

ಕಟಕಟ ಹೇಳಿದ್ದೆಲ್ಲ ಸರಿ, ಸೀಟು ಬಿಟ್ಟು. ಕೋಸ್ಟರಿನ ನಿಜವಾದ ಮಜಾ ಕೊನೇ ಸಾಲಿನಲ್ಲಿ.

ಯಾಕೆ ಅಂದರೆ, ಮೊದಲ ದೊಡ್ಡ ಏರಿನ ತುದಿಯನ್ನು ಮುಂದಿನ ಡಬ್ಬಿ ನಿಧಾನವಾಗಿ ದಾಟುತ್ತದೆ. ರೈಲಿನ ಜಾಸ್ತಿ ಭಾಗ ಇನ್ನೂ ಹಿಂದೆ ಏರುತ್ತಲೇ ಇರುತ್ತದಲ್ಲ, ಅದಕ್ಕೆ ಮುಂದಿದ್ದವರು ಅಂಚಿನಲ್ಲಿ ತೂಗಿಕೊಂಡು ಕಾಯುತ್ತಾರೆ. ಕೊನೇ ಡಬ್ಬಿ ತುದಿಗೆ ಬರುವ ಹೊತ್ತಿಗೆ ರೈಲಿನ ಮುಕ್ಕಾಲು ಭಾಗ ಆಗಲೇ ಕೆಳಗೆ ಧುಮುಕುತ್ತಿರುತ್ತದೆ, ಹಿಂದಿನವರನ್ನು ದರದರ ಎಳೆದುಕೊಂಡು ಹೋಗುತ್ತದೆ. ಸೀಟಿನಿಂದ ಮೇಲೆದ್ದುಬಿಡುತ್ತೇವೆ. ಅದಕ್ಕೇ ಏರ್‌ಟೈಮ್ ಅನ್ನುವುದು. ಹೊಟ್ಟೆಯಲ್ಲಿ ಜುಂ ಅನ್ನುತ್ತದಲ್ಲ, ಉಯ್ಯಾಲೆ ತುದಿ ಮುಟ್ಟಿ ವಾಪಸ್ ಬರುವಾಗ, ಅದೇ, ಹತ್ತುಪಟ್ಟು.

ಕಟಕಟ:

ಹೆದರುವವರ ಮೇಲೆ ಹಾವು ಎಸೆದ ಹಾಗಾಯಿತು ನಿಮ್ಮ ಸಲಹೆ. ಅವರು ಕೇಳಿದ್ದು ಹೆದರಿಕೆ ಹೇಗೆ ಕಡಿಮೆ ಮಾಡುವುದು ಅಂತ.

ಕೊನೇಸೀಟು:

ಖುಷಿಪಡಬೇಕು ಅಂತ ಕೇಳಿದ್ದಾರೆ, ಇನ್ನೊಂದು ಸಲ ಓದಿ. ಸರಿ, ಮೊದಲ ಸಲ ಎರಡನೇ ಸಾಲು, ಎರಡನೇ ಸಲ ಕೊನೇ ಸಾಲು. ರಾಜಿ. ಸಾಧ್ಯವಾದರೆ ಸಂಜೆ ಹೊತ್ತು ಕೂರಿ, ಬೆಳಿಗ್ಗೆ ಗ್ರೀಸು, ಬೇರಿಂಗು, ಚಕ್ರ ಎಲ್ಲ ತಣ್ಣಗಿರುತ್ತವೆ, ಓಡಿ ಓಡಿ ಬಿಸಿಯಾದ ಮೇಲೆ ಅದೇ ರೈಲು ಇನ್ನೂ ಚುರುಕಾಗಿ ಓಡುತ್ತದೆ.

ಅರ್ಧಧೈರ್ಯ:

ಹಾಗಾದರೆ ನಾನು ಬೆಳಿಗ್ಗೆಯೇ ಕೂರುತ್ತೇನೆ. 🙏 ಮಧ್ಯದಲ್ಲಿ ನಿಲ್ಲುವ ಬಗ್ಗೆ ಯಾರೂ ಹೇಳಲಿಲ್ಲ. ಬೇಕಂತಲೇ ಬಿಟ್ಟಿರಾ?

ಲಿವರ್‌ಮ್ಯಾನ್:

ನಾನು ನಾಲ್ಕು ವರ್ಷ ರೈಡ್ ಆಪರೇಟರ್ ಆಗಿದ್ದೆ, ಇದಕ್ಕೆ ನಾನೇ ಹೇಳುತ್ತೇನೆ.

ಹಳಿಯನ್ನು ಬ್ಲಾಕ್ ಅಂತ ತುಂಡು ತುಂಡಾಗಿ ಭಾಗ ಮಾಡಿರುತ್ತಾರೆ. ಒಂದು ಬ್ಲಾಕಿನಲ್ಲಿ ಒಂದೇ ರೈಲು ಇರಬೇಕು. ಮುಂದಿನ ಬ್ಲಾಕ್ ಖಾಲಿಯಾಗದಿದ್ದರೆ ಹಿಂದಿನ ರೈಲನ್ನು ಕಂಪ್ಯೂಟರ್ ತಾನೇ ನಿಲ್ಲಿಸುತ್ತದೆ, ನಾವು ಏನೂ ಒತ್ತಬೇಕಾಗಿಲ್ಲ. ಅಂದರೆ ಮೇಲೆ ನಿಂತಿತು ಅಂದರೆ ಕೆಟ್ಟಿತು ಅಂತ ಅಲ್ಲ, ಮಾಡಬೇಕಾದ ಕೆಲಸವನ್ನೇ ಅದು ಮಾಡುತ್ತಿದೆ. ನನ್ನ ಕಾಲದಲ್ಲಿ ಹಾಗೆ ನಿಂತ ಸಲಗಳಲ್ಲಿ ಜಾಸ್ತಿ ಯಾವುದಕ್ಕೆ ಗೊತ್ತಾ? ಸ್ಟೇಷನ್ನಿನಲ್ಲಿ ಯಾರೋ ಒಬ್ಬರು ಸೀಟಿನಲ್ಲಿ ಕೂತ ಮೇಲೆ ಟೋಪಿ ತೆಗೆದು, ಕನ್ನಡಕ ತೆಗೆದು, ಬ್ಯಾಗ್ ಯಾರಿಗೆ ಕೊಡಲಿ ಅಂತ ಸುತ್ತ ನೋಡುತ್ತಾ ಕೂತದ್ದಕ್ಕೆ. ಮುಂದಿನ ರೈಲು ಹೊರಡಲಿಲ್ಲ, ಹಿಂದಿನದು ಮೇಲೇ ನಿಂತಿತು, ಅಲ್ಲಿದ್ದವರೆಲ್ಲ ದೇವರನ್ನು ನೆನೆದರು. ಅಷ್ಟೇ ಕಥೆ.

ಏರುವಾಗ ನಿಂತರೆ ಹಿಂದಕ್ಕೆ ಜಾರುವುದಿಲ್ಲ. ಆ ಕಟಕಟ ಸದ್ದು ಇದೆಯಲ್ಲ, ಅದು ರೈಲನ್ನು ಮೇಲಕ್ಕೆ ಎಳೆಯುವ ಸರಪಳಿಯ ಸದ್ದಲ್ಲ, ಹಳಿ ಮಧ್ಯೆ ಇರುವ ಹಲ್ಲುಪಟ್ಟಿಯ ಮೇಲೆ ರೈಲಿನ ಕೊಕ್ಕೆ ಒಂದೊಂದೇ ಹಲ್ಲಿಗೆ ಬೀಳುವ ಸದ್ದು. ಸರಪಳಿ ತುಂಡಾದರೂ ಕೊಕ್ಕೆ ಹಿಡಿದುಕೊಂಡಿರುತ್ತದೆ. ನೀವು ಹೆದರಿದ್ದು ಆ ಸದ್ದಿಗೆ, ನಿಮ್ಮನ್ನು ಹಿಡಿದಿದ್ದದ್ದೂ ಅದೇ. ತುಂಬಾ ಹೊತ್ತು ನಿಂತರೆ ಪಕ್ಕದ ಮೆಟ್ಟಿಲಿನಲ್ಲಿ ನಡೆಸಿ ಇಳಿಸುತ್ತಾರೆ, ಬೇಜಾರು ಅಷ್ಟೇ.

ಹಳಿ ಬಿಟ್ಟು ಹಾರುತ್ತದೆ ಅನ್ನುವ ಹೆದರಿಕೆಯೂ ಇರಬಹುದು, ಕೇಳಲು ನಾಚಿಕೆಪಟ್ಟಿರಬಹುದು. ಚಕ್ರ ಮೂರು ಬಗೆ: ಹಳಿಯ ಮೇಲೊಂದು, ಪಕ್ಕದಲ್ಲೊಂದು, ಅಡಿಯಲ್ಲೊಂದು. ಕೋಲನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ. ಅಡಿಯ ಚಕ್ರಕ್ಕೆ ಜಾನ್ ಮಿಲ್ಲರ್ 1919ರಲ್ಲೇ ಪೇಟೆಂಟ್ ತೆಗೆದುಕೊಂಡರು, ಕಡಿದಾದ ಇಳಿತ ಮಾಡುವ ಧೈರ್ಯ ಬಂದದ್ದೇ ಆಮೇಲೆ. ಬ್ರೇಕ್ ಕೂಡ ಈಗ ಜಾಸ್ತಿ ಕಡೆ ಅಯಸ್ಕಾಂತದ್ದು, ರೈಲಿನ ಲೋಹದ ಪಟ್ಟಿ ಅದರ ಮಧ್ಯೆ ಹಾದುಹೋದರೆ ತಾನಾಗಿ ನಿಧಾನವಾಗುತ್ತದೆ, ಕರೆಂಟ್ ಹೋದರೂ ಕೆಲಸ ಮಾಡುತ್ತದೆ.

ನೀವು ನೋಡಬೇಕಾದ್ದು ನಾಲ್ಕೇ ವಿಷಯ. ಬಾರ್ ಇಳಿಸುವಾಗ ಸೀಟಿನ ಹಿಂದಕ್ಕೆ ಪೂರ್ತಿ ಒರಗಿ ಕೂರಿ. ಜಾಗ ಸಡಿಲ ಇರಲಿ ಅಂತ ಹೊಟ್ಟೆ ಉಬ್ಬಿಸಿಕೊಳ್ಳುವವರಿದ್ದಾರೆ, ಆಮೇಲೆ ಒಳಗೆ ಕುಲುಕಾಡಿ ನೋವು ಮಾಡಿಕೊಳ್ಳುತ್ತಾರೆ. ಫೋನ್ ಲಾಕರಿನಲ್ಲಿ ಇಡಿ, ಆ ವೇಗದಲ್ಲಿ ಕೈಜಾರಿದ ಫೋನ್ ಹಿಂದಿನವರ ಮುಖಕ್ಕೆ ಕಲ್ಲು. ಬೆನ್ನು, ಕತ್ತು, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಬೋರ್ಡ್ ಓದಿ, ಅದು ಅಲಂಕಾರಕ್ಕೆ ಹಾಕಿದ್ದಲ್ಲ. ಮತ್ತೆ ಏನೇ ಬಿದ್ದರೂ ಬೇಲಿ ಹಾರಿ ತರಲು ಹೋಗಬೇಡಿ, ಟೋಪಿ ತರಲು ಹೋಗಿ ಸತ್ತವರಿದ್ದಾರೆ.

ಕೊನೇಸೀಟು:

ಹಿಂದಕ್ಕೆ ಜಾರುವುದಿಲ್ಲ ಅಂದಿರಿ, ಲಾಂಚ್ ಕೋಸ್ಟರುಗಳು ಜಾರುತ್ತವಲ್ಲ?

ಲಿವರ್‌ಮ್ಯಾನ್:

ನಾನು ಹೇಳಿದ್ದು ಸರಪಳಿ ಏರಿನದ್ದು. ಲಾಂಚ್ ಬೇರೆ, ಅಲ್ಲಿ ಒಂದೇ ಏಟಿಗೆ ತಳ್ಳುವುದು. ಅಮೆರಿಕದಲ್ಲಿ 139 ಮೀಟರ್ ಎತ್ತರದ ಕಿಂಗ್ಡಾ ಕಾ ಅನ್ನುವ ಲಾಂಚ್ ಕೋಸ್ಟರ್ ಇತ್ತಲ್ಲ, 2005ರಿಂದ 2024ರ ತನಕ ಓಡಿದ್ದು, ಅದರಲ್ಲಿ ಒಮ್ಮೊಮ್ಮೆ ತಳ್ಳಿದ್ದು ಸಾಲದೆ ರೈಲು ತುದಿ ದಾಟದೆ ವಾಪಸ್ ಬರುತ್ತಿತ್ತು. ಅದಕ್ಕೂ ಕೆಳಗೆ ಬ್ರೇಕ್ ಇಟ್ಟೇ ಕಟ್ಟಿದ್ದರು. ಹಾಗೆ ವಾಪಸ್ ಬರಲಿ ಅಂತ ಆಸೆಪಡುತ್ತಿದ್ದ ಹುಚ್ಚರೂ ಇದ್ದರು, ನಿಮ್ಮ ಹಾಗಿನವರು.

ಬ್ಯಾಗಮ್ಮ:

ನಾನು ಇಪ್ಪತ್ತು ವರ್ಷದಿಂದ ಬ್ಯಾಗ್ ಕಾಯುವವಳು. ಒಂದೇ ಒಂದು ಕೋಸ್ಟರ್ ಹತ್ತಿಲ್ಲ, ಒಂದು ಟ್ರಿಪ್ಪನ್ನೂ ತಪ್ಪಿಸಿಲ್ಲ. ಆದ್ದರಿಂದ ಯಾರೂ ಹೇಳದ ಮಾತು ನಾನು ಹೇಳುತ್ತೇನೆ ತಮ್ಮಾ.

ಯಾವುದಕ್ಕೆ ಬರುತ್ತೀಯ, ಯಾವುದಕ್ಕೆ ಬರುವುದಿಲ್ಲ ಅಂತ ಮನೆ ಬಿಡುವ ಮೊದಲೇ ಗೆಳೆಯರಿಗೆ ಹೇಳಿಬಿಡು. ಕ್ಯೂನಲ್ಲಿ ಒಂದು ಗಂಟೆ ನಿಂತು, ಸೀಟಿನ ಹತ್ತಿರ ಬಂದಾಗ ಬೇಡ ಅಂದರೆ ಅವರು ಬಿಡುವುದಿಲ್ಲ, ಹಿಂದಿನವರು ಗೊಣಗುತ್ತಾರೆ, ನೀನು ಮರ್ಯಾದೆಗೆ ಅಂಜಿ ಕೂರುತ್ತೀಯ. ಹೋದ ವರ್ಷ ಆದದ್ದು ಅದೇ ತಾನೇ? ಹೆದರಿಕೆ ಹುಟ್ಟುವುದು ರೈಡಿನಲ್ಲಲ್ಲ, ಕ್ಯೂನಲ್ಲಿ. ನಾನು ಕೆಳಗೆ ಕೂತು ಮುಖಗಳನ್ನೇ ನೋಡುತ್ತಿರುತ್ತೇನೆ, ಹತ್ತುವವರ ಮುಖ ಬಿಳುಚಿಕೊಂಡಿರುತ್ತದೆ, ಇಳಿಯುವವರು ನಗುತ್ತಾ ಬರುತ್ತಾರೆ. ಕ್ಯೂನಲ್ಲಿ ಏನಾದರೂ ಹರಟೆ ಹೊಡೆ, ಮೇಲೆ ನೋಡುತ್ತಾ ನಿಲ್ಲಬೇಡ.

ಲಿವರ್‌ಮ್ಯಾನ್:

ಬ್ಯಾಗಮ್ಮ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೊನೇ ಗಳಿಗೆಯಲ್ಲಿ ಬೇಡ ಅನಿಸಿದರೂ ಪರವಾಗಿಲ್ಲ. ಸೀಟಿನ ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿದು ಹೋಗಿ, ಅಥವಾ ಆಪರೇಟರಿಗೆ ಒಂದು ಮಾತು ಹೇಳಿ. ದಿನಕ್ಕೆ ಎಷ್ಟು ಜನ ಹಾಗೆ ಹೋಗುತ್ತಾರೆ ಅಂದರೆ ನಾವು ಮುಖ ಕೂಡ ನೋಡುವುದಿಲ್ಲ. ಬಾರ್ ಲಾಕ್ ಆಗುವ ಮೊದಲು ಹೇಳಿದರೆ ಸಾಕು.

ಅರ್ಧಧೈರ್ಯ:

ಹೋಗಿ ಬಂದೆ. ವರದಿ ಒಪ್ಪಿಸುತ್ತಿದ್ದೇನೆ.

ಶುಕ್ರವಾರ ರಾತ್ರಿಯೇ ಗುಂಪಿನಲ್ಲಿ ಬರೆದೆ: ಚಿಕ್ಕದು ಮೊದಲು, ತಿರುಗುವುದಕ್ಕೆ ಬರುವುದಿಲ್ಲ, ಲಾಂಚಿಗೆ ಬರುವುದಿಲ್ಲ. ಹತ್ತು ನಿಮಿಷ ಗೇಲಿ ಮಾಡಿದರು, ಆಮೇಲೆ ಒಬ್ಬ 'ಸರಿ ಕಣೋ' ಅಂದ, ಮುಗಿಯಿತು. ಇಷ್ಟು ಸುಲಭ ಅಂತ ಗೊತ್ತಿದ್ದರೆ ಹೋದ ವರ್ಷವೇ ಹೇಳುತ್ತಿದ್ದೆ.

ಚಿಕ್ಕ ಕೋಸ್ಟರಿನಲ್ಲಿ ಆರು ಜನ ದಾಂಡಿಗರು ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತೆವು. ನನ್ನ ಮುಂದಿದ್ದ ಪುಟ್ಟ ಹುಡುಗಿ ಹಿಂದೆ ತಿರುಗಿ 'ಅಂಕಲ್ ಹೆದರಿಕೆನಾ?' ಅಂತ ಕೇಳಿದಳು. ಕಣ್ಣು ತೆರೆದೇ ಇದ್ದೆ. ಮಧ್ಯಮದ್ದರಲ್ಲಿ ಮೊದಲ ತಿರುವಿನಲ್ಲಿ ಮುಚ್ಚಿ, ಮತ್ತೆ ತೆರೆದೆ.

ದೊಡ್ಡದಕ್ಕೆ ಎರಡನೇ ಸಾಲು. ಏರುವಾಗ ಕೊಕ್ಕೆ ಒಂದು, ಕೊಕ್ಕೆ ಎರಡು ಅಂತ ಎಣಿಸುತ್ತಾ ಹೋದೆ, ಅರವತ್ತರ ಹತ್ತಿರ ಲೆಕ್ಕ ತಪ್ಪಿತು, ಆಗಲೇ ತುದಿ ಬಂದಿತ್ತು. ಕೆಳಗೆ ಪಾರ್ಕಿಂಗಿನಲ್ಲಿ ನಮ್ಮ ಕಾರು ಕಾಣಿಸಿತು, ಕಿಟಕಿ ಹಾಕಿಲ್ಲ ಅನಿಸಿತು, ಅಷ್ಟರಲ್ಲಿ ನೆಲ ಮಾಯ. ಜೀವ ಬಾಯಿಗೆ ಬಂತು ಅನ್ನುತ್ತಾರಲ್ಲ, ನನ್ನದು ಬಾಯಿಂದಲೂ ಆಚೆ ಹೋಗಿ ಬಂತು. ಆದರೆ ಕತ್ತು ನೋಯಲಿಲ್ಲ, ತಲೆ ಬಡಿಯಲಿಲ್ಲ. ಲೂಪಿನಲ್ಲಿ ತಲೆಕೆಳಗಾದದ್ದು ಗೊತ್ತಾದದ್ದೇ ಆಕಾಶ ಇರಬೇಕಾದ ಕಡೆ ಹುಲ್ಲು ಕಂಡಾಗ. ಇಳಿದ ಮೇಲೆ ಇನ್ನೊಂದು ಸಲ ಹೋಗೋಣ ಅಂದವನು ನಾನೇ. ಕೊನೇ ಸಾಲಿನಲ್ಲಿ ಕೂತೆ. ಕೊನೇಸೀಟು ಅವರೇ, ನಿಮ್ಮ ಮೇಲೆ ನನಗೆ ಇನ್ನೂ ಕೋಪ ಇದೆ.

ಲಾಂಚಿಗೆ ಅವರು ಹೋದಾಗ ನಾನು ಬೆಂಚಿನ ಮೇಲೆ ಉಳಿದೆ. ಐದು ಹುಚ್ಚರಲ್ಲಿ ಒಬ್ಬ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತ. ಅವನಿಗೂ ಲಾಂಚ್ ಆಗುವುದಿಲ್ಲವಂತೆ, ಮೂರು ವರ್ಷದಿಂದ ಹಲ್ಲು ಕಚ್ಚಿ ಹೋಗುತ್ತಿದ್ದನಂತೆ.

ಒಂದೇ ಬೇಸರ. ಫೋಟೋ. ಎರಡನೇ ಸಾಲಿನಲ್ಲಿ ಕೂತದ್ದಕ್ಕೆ ಮುಂದಿದ್ದವನು ಎತ್ತಿದ ಕೈ ಸರಿಯಾಗಿ ನನ್ನ ಮುಖದ ಮೇಲೆ ಬಂದಿದೆ. ಹಳೇ ಡಿಪಿ ಹಾಗೇ ಇರುತ್ತದಂತೆ.

ಕಟಕಟ:

ಫೋಟೋ ಬಗ್ಗೆ ನೀವು ಕೇಳಿರಲಿಲ್ಲ.

ಬ್ಯಾಗಮ್ಮ:

ಅದಿರಲಿ, ಬೆಂಚಿನಲ್ಲಿ ಎಷ್ಟು ಬ್ಯಾಗ್ ಕಾದೆ?

ಅರ್ಧಧೈರ್ಯ:

ನಾಲ್ಕು ಬ್ಯಾಗ್, ಮೂರು ಜೊತೆ ಚಪ್ಪಲಿ, ಎರಡು ಕನ್ನಡಕ. ಕನ್ನಡಕ ಒಂದರ ಮೇಲೆ ಕೂತೆ ಅಕ್ಕಾ. ಇನ್ನೂ ಅವರಿಗೆ ಹೇಳಿಲ್ಲ.