ಗುರುಗಳು ಹಾಸಿಗೆ ಹಿಡಿದಿದ್ದಾರೆ, ಪಾಠಕ್ಕೆ ಹೋಗಲಾ ಬೇಡವಾ?

ಮೃದಂಗದ ಹುಡುಗ, ಮೈಸೂರು
ಹದಿನಾಲ್ಕು ವರ್ಷದಿಂದ ಒಬ್ಬರ ಹತ್ತಿರವೇ ಮೃದಂಗ ಕಲಿಯುತ್ತಿದ್ದೇನೆ. ಮೇಷ್ಟ್ರಿಗೆ ಈಗ 71. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಕೀಮೋ ನಿಲ್ಲಿಸಿದ್ದಾರೆ. ಇನ್ನು ಜಾಸ್ತಿ ದಿನ ಇಲ್ಲ ಅಂತ ಅವರಿಗೂ ಗೊತ್ತು.

ಆದರೂ ಶನಿವಾರ ಬೆಳಿಗ್ಗೆ ಏಳಕ್ಕೆ ಬಾ ಅಂತಾರೆ. ಮಲಗಿಕೊಂಡೇ ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಾರೆ. ಹೋದ ವಾರ ಮಿಶ್ರ ಛಾಪು, ಅಂದರೆ ಏಳೆಣಿಕೆಯ ತಾಳ, ನುಡಿಸುತ್ತಿದ್ದೆ. ಮುಕ್ತಾಯದಲ್ಲಿ ಒಂದಕ್ಷರ ಜಾರಿತು. ಮತ್ತೆ ಕೈಯಲ್ಲೇ ಸರಿಮಾಡಲು ನೋಡಿದೆ, ಮೂರು ಸಲವೂ ತಪ್ಪಿತು. ಕಣ್ಣು ಮುಚ್ಚಿಕೊಂಡೇ "ಬಾಯಲ್ಲಿ ಹೇಳು" ಅಂದರು. ಹೇಳಿದೆ. ತಕಿಟ, ತಕಧಿಮಿ ಅಂತ ಬಾಯಲ್ಲಿ ಸೊಲ್ಲು ಹೇಳುವಾಗಲೂ ಅದೇ ಜಾಗದಲ್ಲಿ ಜಾರಿತು. "ನೋಡು, ಕೈದು ತಪ್ಪಿಲ್ಲ. ಸುಮ್ನೆ ಅದನ್ನ ದಂಡಿಸ್ತಿದ್ದೆ." ಅಷ್ಟರಲ್ಲಿ ನೋವು ಬಂತು. ಹೊಟ್ಟೆ ಹಿಡಿದು ಮುದುಡಿಕೊಂಡರು. ಒಂದು ಕೈ ಮಾತ್ರ "ಮತ್ತೆ ಹೇಳು" ಅಂತ ಸನ್ನೆ ಮಾಡುತ್ತಿತ್ತು.

ಮೇಷ್ಟ್ರ ಹೆಂಡತಿಯನ್ನು ನಾವೆಲ್ಲ ಅಮ್ಮ ಅಂತೀವಿ. ಬಾಗಿಲ ಹತ್ತಿರ "ಇನ್ನು ಸಾಕು ಕಣಪ್ಪಾ, ಅವರ ಕೈಲಿ ಆಗಲ್ಲ" ಅಂದರು. ರಾತ್ರಿಯೆಲ್ಲ ಅದೇ ಯೋಚನೆ. ಹೋದರೆ ಅವರಿಗೆ ಹಿಂಸೆ. ಹೋಗದಿದ್ದರೆ ಕಾಯುತ್ತಾರೆ. ಏನು ಮಾಡಲಿ?

ಪ್ಯಾಲಿಯೇಟಿವ್ ಕೇರ್ ನರ್ಸ್
ತಮ್ಮಾ, ನೋವು ಪಾಠದಿಂದ ಬಂತು ಅಂದುಕೊಳ್ಳಬೇಡ. ನೋವಿನ ಮಾತ್ರೆಯ ಹೊತ್ತು ಮೀರಿತ್ತಾ ಕೇಳು. ಮಾಮೂಲಿ ಮಾರ್ಫಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೊಡುತ್ತಾರೆ. ಅದು ಹಿಡಿಯೋಕೆ ಅರ್ಧದಿಂದ ಒಂದು ಗಂಟೆ ಬೇಕು. ಪಾಠವನ್ನು ಅದಾದ ಮೇಲೆ ಇಟ್ಟುಕೋ. ಎಷ್ಟೋ ಮನೆಗಳಲ್ಲಿ ಚಟ ಹತ್ತುತ್ತೆ ಅಂತ ಹೆದರಿ, ನೋವು ತಡೆಯಲಾರದಷ್ಟು ಆದಮೇಲೆ ಕೊಡುತ್ತಾರೆ. ಡಾಕ್ಟರು ಹೇಳಿದ ಅಳತೆ, ಹೇಳಿದ ಹೊತ್ತು ತಪ್ಪಿಸಬೇಡಿ. ಸಾಲದಿದ್ದರೆ ಅವರಿಗೇ ಹೇಳಿ, ಬದಲಿಸುತ್ತಾರೆ. ಈ ಕ್ಯಾನ್ಸರಿನ ನೋವಿಗೆ ನರದ ಹತ್ತಿರ ಇಂಜೆಕ್ಷನ್ ಕೊಡುವುದೂ ಉಂಟು, ಅದನ್ನೂ ವಿಚಾರಿಸು.

ಅಮ್ಮ ಎಷ್ಟು ರಾತ್ರಿಯಿಂದ ನಿದ್ದೆಗೆಟ್ಟಿದ್ದಾರೋ. ಪಾಠದ ಹೊತ್ತಲ್ಲಿ ಅವರು ಮಲಗಲಿ, ನೀನಿರ್ತೀಯಲ್ಲ.

ನೇಕಾರ, ಇಳಕಲ್
ಹೋಗ್ರಿ. ನನಗೆ ಮಗ್ಗ ಕಲಿಸಿದ ಕಾಕಾ ಹಾಸಿಗೆ ಹಿಡಿದಾಗ ತ್ರಾಸು ಕೊಡಬಾರದು ಅಂತ ನಾನು ಹೋಗಲಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ನನ್ನ ಕೊಂಡಿ ಯಾವಾಗಲೂ ಸಡಿಲ. ಕಾಕಾ ತೀರಿಕೊಂಡ ಮೇಲೆ ನೋಡಿದರೆ, ಮಗ್ಗದ ಮೇಲೆ ಕೊಂಡಿ ಹಾಕದ ಎಳೆಗಳು ಹಾಗೇ ಇದ್ದವು. ನನ್ನ ಕೈಲೇ ಹಾಕಿಸಬೇಕು, ಯಾರೂ ಮುಟ್ಟಬ್ಯಾಡ್ರಿ ಅಂದಿದ್ದರಂತೆ.

ಮೃದಂಗದ ಹುಡುಗ, ಮೈಸೂರು
ಇಬ್ಬರಿಗೂ ಕೈ ಮುಗಿಯುತ್ತೇನೆ. ಎರಡು ಶನಿವಾರ ಹೋಗಿ ಬಂದೆ. ಆರಕ್ಕೆ ಮಾತ್ರೆ, ಏಳಕ್ಕೆ ಪಾಠ. ಅಮ್ಮ ಒಳಗೆ ಮಲಗುತ್ತಾರೆ. ಮೃದಂಗದ ಎಡ ಮುಖಕ್ಕೆ ಹಚ್ಚುವ ರವೆ ನಾನೇ ಕಲಸಿದೆ. ಮೇಷ್ಟ್ರು ಬೆರಳಲ್ಲಿ ಮುಟ್ಟಿ ನೋಡಿ, ನೀರು ಜಾಸ್ತಿಯಾಯ್ತು ಅಂತ ಮತ್ತೆ ಕಲಸಿಸಿದರು.

ನಿನ್ನೆ ಭಾನುವಾರ. ಅವರ ಹತ್ತು ವರ್ಷದ ಶಿಷ್ಯೆಗೆ ಅವರೆದುರೇ ನನ್ನ ಕೈಲಿ ಪಾಠ ಹೇಳಿಸಿದರು. ಮಗು ತಪ್ಪಿತು. ನಾನು ಅವಳ ಬೆರಳು ಹಿಡಿದು ತಿದ್ದಲು ಹೋದೆ. ಮಂಚದಿಂದ ಸಣ್ಣಗೆ ಕೇಳಿಸಿತು: "ಬಾಯಲ್ಲಿ ಹೇಳಿಸೋ."

ಬರುವ ಭಾನುವಾರವೂ ನಾನೇ ಹೇಳಬೇಕಂತೆ.